ಸೋದರತ್ತೆ ಕೇಳಿದ್ದು

ಭಾನುವಾರದ ಊಟಕ್ಕೆ ಕೂತ ತರುಣ ಮೊಸೆಸೆ, ಮಾಂಸ ತುಂಬಿ ಬೇಯಿಸಿದ ಕೆಸುವಿನೆಲೆಯ ಪೊಟ್ಟಣವನ್ನು ಬಿಚ್ಚಲೇ ಇಲ್ಲ. ಬಾಯಿ ಮಾತ್ರ ಒಂದೇ ಸಮನೆ ಮಾತಾಡುತ್ತಿತ್ತು. "ರಾತ್ರಿಯೆಲ್ಲ ನಿದ್ದೆಗೆಟ್ಟು ದುಡೀತಾನೆ ಅತ್ತಿಗೆ, ಎಷ್ಟು ಸಣ್ಣಗಾಗಿದಾನೆ ನೋಡಿ," ಎಂದಳು ತಾಯಿ, ಹೆಮ್ಮೆಯಿಂದ.

ಸೋದರತ್ತೆ ಸೆಲುವಾಯಾ ನೋಡುತ್ತಲೇ ಇದ್ದಳು: ಕೆರೆದು ಹುಣ್ಣಾದ ಕೈ, ಸೆಕೆಯಲ್ಲೂ ಕಳಚದ ಕೋಟು. ನಮ್ಮ ಟೊಂಗಾ ದ್ವೀಪಗಳಲ್ಲಿ ಸೋದರತ್ತೆ ಕೇಳಿದ್ದಕ್ಕೆ ಯಾರೂ ಇಲ್ಲವೆನ್ನುವಂತಿಲ್ಲ. ಆಕೆ ಮಾತ್ರ ಈವರೆಗೆ ಏನನ್ನೂ ಕೇಳಿದವಳಲ್ಲ.

"ಇವತ್ತು ಕೇಳ್ತೀನಿ ಮಗಾ," ಎಂದು ಅಂಗೈ ಚಾಚಿದಳು.

"ಹಂದೀನಾ ಅತ್ತೆ? ದಪ್ಪದ್ದೇ ತಗೊಂಡ್ಹೋಗಿ!"

"ಹಂದಿ ನೀನೇ ತಿನ್ನು, ಕಡ್ಡಿ ಆಗಿದೀಯ. ಕೋಟಿನ ಜೇಬಲ್ಲಿರೋದು ಕೊಡು."

ಅವನ ನಗು ನಿಂತಿತು. ಚಾಚಿದ ಕೈ ಅಲುಗಲಿಲ್ಲ. ಅಳುತ್ತಲೇ ಅವನು ಡ್ರಗ್ಸ್ ಸೇದುವ ಗಾಜಿನ ಕೊಳವೆಯನ್ನು ಅದರ ಮೇಲಿಟ್ಟ. ಆಕೆ ಕೊಳವೆಯ ಜೊತೆ ಅವನ ಕೈಯನ್ನೂ ಹಿಡಿದುಕೊಂಡಳು, ಬಿಡಲಿಲ್ಲ.