ಹೊಸ ಬ್ಯಾಟರಿಗೆ ಹಚ್ಚಿದ ಅರಿಸಿನ

ಹಳೇ ಕಾರು ಕೊಳ್ಳಲು ಹೋದಾಗ ನಾನು ಮೊದಲು ಬಾನೆಟ್ ಎತ್ತಿಸುತ್ತೇನೆ, ನೀವೂ ಎತ್ತಿಸಿ. ಆದರೆ ಬ್ಯಾಟರಿಯ ಮೇಲೆ ಅರಿಸಿನ ಕಂಡರೆ ನನಗೆ ಚೌಕಾಸಿ ಮರೆತು ನಮ್ಮೂರು ಮಂಚೇನಹಳ್ಳಿಯ ಆ ಬೆಳಗು ನೆನಪಾಗುತ್ತದೆ.

ಅಪ್ಪನಿಗೂ ದೊಡ್ಡಪ್ಪನಿಗೂ ಸೇರಿ ಒಂದೇ ಕಾರು. ಅದು ದೊಡ್ಡಪ್ಪನ ಕೊಟ್ಟಿಗೆಯಲ್ಲಿ ನಿಲ್ಲುತ್ತಿತ್ತು. ಅವತ್ತು ಇಬ್ಬರ ರೇಷ್ಮೆಗೂಡಿನ ಚೀಲಗಳನ್ನೂ ತುಂಬಿಕೊಂಡು ಹರಾಜಿಗೆ ಮುಂಚೆ ಶಿಡ್ಲಘಟ್ಟದ ಮಾರ್ಕೆಟ್ಟು ಮುಟ್ಟಬೇಕಿತ್ತು. ಅಪ್ಪ ಕೀಲಿ ತಿರುಗಿಸಿದರೆ ಕಾರು ಟಕ್ ಟಕ್ ಎಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ.

"ಮೊನ್ನೆ ತಾನೆ ಹೊಸ ಬ್ಯಾಟರಿ ಹಾಕಿದೀನಿ. ಅದನ್ನ ನಿನ್ನ ಟ್ರ್ಯಾಕ್ಟರಿಗೆ ಹಾಕ್ಕೊಂಡು ಹಳೇದನ್ನ ಇದಕ್ಕೆ ಕೂರಿಸಿದೀಯ, ಅಲ್ವೇನಣ್ಣ?"

"ನಾಲಿಗೆ ಬಿಗಿ ಹಿಡ್ಕೊಂಡು ಮಾತಾಡಪ್ಪ. ನಿನ್ನ ಬ್ಯಾಟರಿ ಕದ್ದು ಬದುಕೋ ಗತಿ ನನಗೆ ಬಂದಿಲ್ಲ."

"ಕೊಟ್ಟಿಗೆ ಬೀಗದ ಕೈ ಇರೋದು ನಿನ್ನ ಹತ್ರ ತಾನೆ?"

ಅಮ್ಮ ಹೋಗಿ ಬಾನೆಟ್ ಎತ್ತಿದಳು. "ಇಲ್ಲಿ ನೋಡಿ, ನೀವೇ ಪೂಜೆ ಮಾಡಿ ಹಚ್ಚಿದ ಅರಿಸಿನ ಕುಂಕುಮ. ಬ್ಯಾಟರಿ ಅದೇ. ಅರಿಸಿನದ ಮೇಲೇ ವೈರು ಬಿಗಿದಿದೀರ, ಕರೆಂಟು ಹೆಂಗೆ ದಾಟುತ್ತೆ?"

ಅಪ್ಪ ವೈರು ಬಿಚ್ಚಿ, ಗಟ್ಟಿಯಾಗಿ ಒಣಗಿದ್ದ ಅರಿಸಿನವನ್ನು ಚಾಕುವಿನಿಂದ ಕೆರೆದರು. ಹಳದಿ ಪುಡಿ ಅವರ ಬಿಳಿ ಅಂಗಿಯ ತೋಳಿಗೆಲ್ಲ ಹತ್ತಿತು. ಮತ್ತೆ ಬಿಗಿದು ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಕಾರನ್ನು ಹೊರಕ್ಕೆ ತಂದು, ಏನೂ ಆಗಿಲ್ಲವೆಂಬಂತೆ, "ಹತ್ತಣ್ಣ, ಹೊತ್ತಾಯ್ತು" ಎಂದರು.

ದೊಡ್ಡಪ್ಪ ಡಿಕ್ಕಿ ತೆಗೆದು ತಮ್ಮ ಚೀಲಗಳನ್ನಷ್ಟೇ ಇಳಿಸಿಕೊಂಡರು.

"ಸಾಯಂಕಾಲದಿಂದ ಇದನ್ನ ನಿನ್ನ ಮನೆ ಮುಂದೇನೇ ನಿಲ್ಲಿಸ್ಕೊ."

ಖಾಲಿ ಕೊಟ್ಟಿಗೆಗೆ ಬೀಗ ಜಡಿದು, ಎಳೆದು ನೋಡಿ, ಚೀಲ ಹೊತ್ತು ಬಸ್ಸಿಗೆ ನಡೆದರು.