ಪೆಟ್ಟಿಗೆಯ ಕಾವಲು

ಒದ್ದೆ ಲಾವಂಚದ ವಾಸನೆ ಎಂದರೆ ಶೇಷಾರತ್ನಳಿಗೆ ಬೆಜವಾಡದ ಬೇಸಿಗೆ. ಚಿಕ್ಕವಳಿದ್ದಾಗ ಅಮ್ಮ ಭ್ರಮರಾಂಬ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ, ಮಧ್ಯಾಹ್ನವಿಡೀ ನೀರು ಚಿಮುಕಿಸುತ್ತಿದ್ದಳು. ತವರಿನ ಹೊಸ್ತಿಲು ದಾಟುವಾಗ ಮೂಗು ಆ ವಾಸನೆಯನ್ನೇ ಹುಡುಕಿತು. ಸಿಗಲಿಲ್ಲ. ನಡುಕೋಣೆಯ ಮುಚ್ಚಿದ ಬಾಗಿಲಿನ ಕೆಳಗಿಂದ ತಣ್ಣನೆಯ ಗಾಳಿ ಬಂದು ಪಾದಕ್ಕೆ ತಾಗಿತು.

ಬಾಗಿಲು ತಳ್ಳಿದಳು. ಪಕ್ಕದ ಮನೆಯವರು ಫೋನಿನಲ್ಲಿ ಹೇಳಿದ್ದು ನಿಜ. ಮೇಜಿನ ಮೇಲೆ ಹೂವಿನ ಗವಸು ಹೊದ್ದ ಕಂಪ್ಯೂಟರು. ಪಕ್ಕದ ಮಂಚದಲ್ಲಿ ಅಮ್ಮ ಮಲಗಿಕೊಂಡೇ ಅದರ ಪೆಟ್ಟಿಗೆಯ ಹಸಿರು ದೀಪವನ್ನು ನೋಡುತ್ತಿದ್ದಳು.

"ಚಪ್ಪಲಿ ಹೊರಗೆ ಬಿಡೇ ಶೇಷು. ದೂಳು ಬರುತ್ತೆ."

"ಏನಮ್ಮಾ ಇದು? ನಿನ್ನನ್ನ ಕಾವಲಿಗೆ ಇಟ್ಟಿದ್ದಾರಾ?"

"ಮತ್ತೆ? ಹೈಮ ಎಲ್ಲ ಹೇಳಿಕೊಟ್ಟಿದ್ದಾಳೆ. ಬಿಸಿಲೇರಿದ ಮೇಲೆ ಎ.ಸಿ. ಆರಬಾರದು, ಒಳಗಿರೋದೆಲ್ಲ ಸುಟ್ಟುಹೋಗುತ್ತಂತೆ. ಓಡಾಡಿದ್ರೆ ಸೀರೆ ಗಾಳಿಗೆ ದೂಳೇಳುತ್ತೆ, ಅದಕ್ಕೆ ಮಲಗೇ ನೋಡಬೇಕು. ಒಲೆ ಮುಂದೆ ನಿಂತ ಬಿಸಿ ಮೈಯಲ್ಲಿ ಹತ್ತಿರ ಬರಬಾರದು. ಗಂಟಲು ಒಣಗಿ ಕೆಮ್ಮಿದ್ರೆ ಇದಕ್ಕೆ ಹನಿ ಬೀಳುತ್ತೆ, ಅದಕ್ಕೆ ಆಗಾಗ ಮಜ್ಜಿಗೆ ಕುಡೀತಿರಬೇಕು."

ಅಮ್ಮನ ಮುಖದಲ್ಲಿ ನಗುವಿರಲಿಲ್ಲ. ಎದ್ದು ಕೂತು, ಒಂದು ಕೈಯಲ್ಲಿ ಪೆಟ್ಟಿಗೆ ಎತ್ತಿ ಅಡಿಯನ್ನು ಒಣಬಟ್ಟೆಯಿಂದ ಒರೆಸಿ, ಮತ್ತೆ ಮಲಗಿದಳು.

ಹೋದ ಬೇಸಿಗೆಯಲ್ಲಿ ಇದೇ ಅಮ್ಮ ಒಲೆಯ ಮುಂದೆ ಕುಸಿದು ಬಿದ್ದಿದ್ದಳು. ಬಿಸಿಲಿನ ಹೊಡೆತ. ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಎಂದಿದ್ದರು ವೈದ್ಯರು. ಅದಕ್ಕೇ ಅಮ್ಮನನ್ನು ಸಂಜೆಯ ರೈಲಿಗೆ ರಾಜಮಂಡ್ರಿಯ ತನ್ನ ಮನೆಗೆ ಕರೆದೊಯ್ಯಲೆಂದು ಶೇಷಾರತ್ನ ಬಂದದ್ದು. ಈಗ ಆ ನಿರ್ಧಾರ ಇನ್ನೂ ಗಟ್ಟಿಯಾಯಿತು.

ಅಡುಗೆಮನೆ ಕಾದ ಹೆಂಚಿನಂತಿತ್ತು. ತಮ್ಮನ ಹೆಂಡತಿ ಹೈಮ ಬಾಗಿಲಿಗೆ ಬೆನ್ನು ಹಾಕಿ, ತೊಡೆಯ ಮೇಲೆ ಏನನ್ನೋ ಇಟ್ಟುಕೊಂಡು ಕೂತಿದ್ದಳು. ಹೆಜ್ಜೆಯ ಸದ್ದಿಗೆ ಅದನ್ನು ಅಕ್ಕಿ ಡಬ್ಬದ ಹಿಂದೆ ತಳ್ಳಿದಳು.

"ತಮ್ಮ ಎ.ಸಿ. ತಂದಾಗ, 'ನಾನೇನು ಮೀನಾ, ಐಸಲ್ಲಿಡೋಕೆ?' ಅಂತ ಅಮ್ಮ ಬೈದಿದ್ದು ನಿಜ," ಎಂದಳು ಶೇಷಾರತ್ನ. "ಹಾಗಂತ ಅದನ್ನ ಪೆಟ್ಟಿಗೆಗೆ ಹಾಕಿಸಿ, ಅಮ್ಮನ್ನ ಕಾಯೋಕೆ ಕೂರಿಸೋದಾ?"

"ಅದು ಇಲ್ದಿದ್ರೆ ಈ ಮನೆ ನಡೆಯಲ್ಲ ಅಕ್ಕಾ."

"ಅಮ್ಮ ಇಲ್ದಿದ್ರೆ ನಡೆಯುತ್ತೇನೋ. ಸಂಜೆ ಕರ್ಕೊಂಡು ಹೋಗ್ತೀನಿ."

ಹೈಮ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು. "ನಿಮ್ಮನೇಲಿ ಕಂಪ್ಯೂಟರ್ ಇದೆಯಾ ಅಕ್ಕಾ?"

ಇದಕ್ಕಿಂತ ಸೊಕ್ಕಿನ ಮಾತನ್ನು ಶೇಷಾರತ್ನ ಕೇಳಿರಲಿಲ್ಲ. ಉತ್ತರ ಕೊಡುವ ಮೊದಲೇ ಹೊರಗಿಂದ ಕೂಗು ಬಂತು.

"ಸರ್ವೀಸಮ್ಮಾ! ಮಸ್ತಾನು!"

ಹೆಗಲಿಗೆ ಚೀಲ, ಕೈಯಲ್ಲಿ ಬ್ರಷ್ಷು. ತಿಂಗಳಿಗೊಮ್ಮೆ ಬಂದು ದೂಳು ತೆಗೆದು ಹೋಗುವವನಂತೆ. ಶೇಷಾರತ್ನ ಅಡ್ಡ ನಿಂತಳು.

"ಈ ಮಹಾರಾಜನ ಹೊಟ್ಟೆಯೊಳಗೆ ಅಂಥದ್ದೇನಿದೆ, ನಾನೂ ನೋಡಬೇಕು. ಹಿತ್ತಿಲಿಗೆ ತಂದು ನನ್ನೆದುರು ಬಿಚ್ಚು."

ಮಸ್ತಾನ್ ಅಡುಗೆಮನೆಯ ಕಡೆ ನೋಡಿದ. ಹೈಮ ತಲೆ ತಗ್ಗಿಸಿದಳು. ಅವನು ಪೆಟ್ಟಿಗೆಯನ್ನು ಹಿತ್ತಿಲ ಜಗಲಿಗೆ ತಂದ. ತಿರುಪು ಬಿಚ್ಚಿ ಪಕ್ಕದ ತಗಡು ಸರಿಸಿದ.

ಒಳಗೆ ಒಂದು ಹಸಿರು ಬಲ್ಬು, ಅದರ ತಂತಿ. ಮತ್ತೇನೂ ಇರಲಿಲ್ಲ.

"ಉಳಿದದ್ದೆಲ್ಲ ಎಲ್ಲೋ?"

"ಹೋದ ಬೇಸಿಗೇಲೇ ಸುಟ್ಟುಹೋಯ್ತಮ್ಮಾ. ಹೈಮಮ್ಮ ಮದುವೆ ಕಾರ್ಡಿನ ಕೆಲಸ ಈಗ ಲ್ಯಾಪ್‌ಟಾಪಲ್ಲಿ ಮಾಡ್ತಾರೆ, ಅಡುಗೆಮನೇಲಿ ಕೂತು. ಅವರು ಅಲ್ಲಿಂದ ಎದ್ರೆ ದೊಡ್ಡಮ್ಮ ಒಲೆ ಮುಂದೆ ಬಂದುಬಿಡ್ತಾರಂತೆ."

"ಮತ್ತೆ ತಿಂಗಳು ತಿಂಗಳು ಬಂದು ನೀನು ಏನು ಸರ್ವೀಸ್ ಮಾಡ್ತೀಯ?"

"ಎ.ಸಿ. ಅಮ್ಮಾ," ಎಂದ ಮಸ್ತಾನ್. "ನಾನು ಎ.ಸಿ. ಮೆಕ್ಯಾನಿಕ್ಕು."

ಶೇಷಾರತ್ನ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ ತಗಡು ಮುಚ್ಚಿಸಿ, ತುಂಬ ಭಾರವಿದ್ದಂತೆ ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಎತ್ತಿಕೊಂಡು ನಡುಕೋಣೆಗೆ ತಂದಳು. ತಂತಿ ಸಿಕ್ಕಿಸಿದಳು. ದೀಪ ಹೊತ್ತಿತು.

"ಸರಿಯಾಗಿದೆಯೇನೇ?" ಎಂದಳು ಅಮ್ಮ.

"ಹೂಂ. ಆದ್ರೆ ನೀನೇ ನೋಡ್ಕೋಬೇಕಂತೆ, ಬೇರೆಯವರಿಗೆ ಬಗ್ಗಲ್ಲವಂತೆ. ಸಂಜೆ ನಾನೊಬ್ಬಳೇ ಹೊರಡ್ತೀನಿ."

ಅಮ್ಮ ಬಾಗಿಲ ಕಡೆ ಕಣ್ಣು ಹಾಯಿಸಿದಳು. ಆಮೇಲೆ ದನಿ ತಗ್ಗಿಸಿದಳು.

"ಬಲ್ಬು ಬಿಟ್ಟು ಇನ್ನೇನಾದ್ರೂ ಹಾಕಿದ್ನಾ ಒಳಗೆ?"

ಶೇಷಾರತ್ನ ಸರಕ್ಕನೆ ಅಮ್ಮನ ಕಡೆ ತಿರುಗಿದಳು.

"ದಿನಾ ಎತ್ತಿ ಒರೆಸೋಳು ನಾನಲ್ವಾ? ಇದಕ್ಕಿಂತ ಹಪ್ಪಳದ ಡಬ್ಬಿ ಭಾರ."

"ಮತ್ಯಾಕಮ್ಮಾ ಸುಮ್ನಿದೀಯ?"

"ಗೊತ್ತು ಅಂದ್ರೆ, ಎ.ಸಿ. ಬೇಡ ಅನ್ನಬೇಕಾಗುತ್ತಲ್ಲೇ." ಅಮ್ಮ ಕತ್ತು ಚಾಚಿ ಗಟ್ಟಿಯಾಗಿ ಕೂಗಿದಳು. "ಹೈಮಾ! ಬಾರೇ ಬೇಗ! ದೀಪ ಮಿಣುಕ್ತಿದೆ, ನಂಗೆ ಭಯ! ನೀನೂ ಕೂತು ನೋಡು!"

ದೀಪ ಅಲುಗದೆ ಉರಿಯುತ್ತಿತ್ತು.

"ಈ ಹೊತ್ತಿಗೆ ದಿನಾ ಮಿಣುಕುತ್ತೆ," ಎಂದು ಮಗಳಿಗೆ ಪಿಸುಗುಟ್ಟಿದಳು ಅಮ್ಮ. ಬೆವರಲ್ಲಿ ತೊಯ್ದ ಸೊಸೆ ಓಡಿ ಬಂದೊಡನೆ ಎದ್ದು ಬಾಗಿಲು ಮುಚ್ಚಿದಳು. ಮಂಚದ ಕೆಳಗೆ ಮುಚ್ಚಿಟ್ಟಿದ್ದ ಮೊಸರನ್ನದ ತಟ್ಟೆಯನ್ನು ಅವಳ ಕೈಗಿಟ್ಟಳು.