ಸುಬೇದಾರರ ಎಡೆ

ಸುಬೇದಾರರು ತೀರಿಕೊಂಡ ಹನ್ನೊಂದನೆಯ ದಿನ ಮಕ್ಕಳು ಮಾಳಿಗೆಯ ಮೇಲೆ ಬಾಳೆಎಲೆ ಹಾಸಿ, ಕೋಳಿಸಾರು, ಒಬ್ಬಟ್ಟು, ಮಿಲಿಟರಿ ರಮ್ಮು ಎಡೆಯಿಟ್ಟರು. ಕಾಗೆಗಳು ಗೋಡೆಯ ಮೇಲೆ ಕೂತವೇ ಹೊರತು ಮುಟ್ಟಲಿಲ್ಲ. ಅವು ಮುಟ್ಟದೆ ಅಪ್ಪನಿಗೆ ಮುಕ್ತಿಯಿಲ್ಲ, ನೆಂಟರಿಗೆ ಊಟವಿಲ್ಲ.

“ಗಡಿ ಕಾದೋನು ನಮ್ಮಣ್ಣ, ಸಂಸಾರ ಅಂದ್ರೆ ಪ್ರಾಣ ಬಿಡೋನು. ಏನಾಸೆ ಉಳೀತೋ!” ಎಂದು ಸುಬೇದಾರರ ತಮ್ಮ ಕಣ್ಣೊರೆಸಿಕೊಂಡ.

“ಅಮ್ಮಾ, ಅಪ್ಪಂಗೆ ಇನ್ನೇನಿಷ್ಟ? ಬೇಗ ಹೇಳು,” ಹಿರಿಯ ಮಗ ಗೋಗರೆದ.

ತಾಯಿ ಕೆಳಗೆ ಹೋಗಿ, ನಿನ್ನೆ ಎಲ್ಲರೂ ತಿಂದು ಉಳಿಸಿದ್ದ ತಂಗಳನ್ನವನ್ನು ತಟ್ಟೆಯಲ್ಲಿ ತಂದಿಟ್ಟಳು.

“ಥೂ! ಎಂಜಲನ್ನ ಎಡೆಗಿಡ್ತಾರೇನಮ್ಮ?”

“ರಿಟೈರಾಗಿ ಬಂದ್ಮೇಲೆ ದಿನಾ ಅವರನ್ನ ಇಲ್ಲೇ ಕೂರಿಸಿ ನೀವು ಇಕ್ಕಿದ್ದು ಇದನ್ನೇ ಅಲ್ವೇನಪ್ಪ?”

ಕಾಗೆಗಳು ಒಟ್ಟಿಗೇ ತಟ್ಟೆಗಿಳಿದವು.